ಹೊಟ್ಟಿಲ್ಲದ ಕಾಗದ

ಕೋಟಿನವನ ಪಕ್ಕದ ಕುರ್ಚಿಯಲ್ಲಿ ತಿದ್ದಮ್ಮ ಕೂತ ಮೂರನೇ ಮೀಟಿಂಗು ಇದು. ಎಣಿಸಬಾರದು ಅಂದುಕೊಂಡೇ ಕರಡಪ್ಪ ಎಣಿಸಿದ್ದ.

ವಿಮಾ ಕಂಪನಿಯ ಪತ್ರ ವಿಭಾಗದಲ್ಲಿ ಇದ್ದವರೇ ಇಬ್ಬರು. ಗಿರಾಕಿಗಳಿಗೆ ಹೋಗುವ ಕಾಗದದ ಕರಡು ಬರೆಯುವವನು ಅವನು. ತಿದ್ದಿ, ಹಸಿರು ಇಂಕಿನಲ್ಲಿ 'ಸರಿ' ಎಂದು ಬರೆಯುವವಳು ಅವಳು. ಆ 'ಸರಿ' ಬೀಳದೆ ಒಂದು ಚೀಟಿಯೂ ಹೊರಗೆ ಹೋಗುವಂತಿರಲಿಲ್ಲ. ಹಾಗಾಗಿ ಆಫೀಸಿಗೆಲ್ಲ ಅವರು ಕರಡಪ್ಪ, ತಿದ್ದಮ್ಮ.

ಮೂರು ವರ್ಷದಿಂದ ಇಬ್ಬರಿಗೂ ಒಂದು ಗುಟ್ಟಿನ ಆಟವಿತ್ತು. ಮೀಟಿಂಗಿನಲ್ಲಿ ದೊಡ್ಡವರು ಉದುರಿಸುವ ದೊಡ್ಡ ಮಾತಿಗೆಲ್ಲ ಅಡ್ಡಹೆಸರು. ಕಾಳೇ ಇಲ್ಲದ ಮಾತು 'ಹೊಟ್ಟು'. ಘಮಕ್ಕೆಂದು ಸಿಡಿಸಿದ ಇಂಗ್ಲಿಷು 'ಒಗ್ಗರಣೆ'. ಉಸಿರು ಬಿಡದೆ ಊದಿದ್ದು 'ಪುಂಗಿ'. ಹಾಳೆಯ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ, ಮೇಜಿನ ಆಚೆಗೊಂದು ನೋಟ. ನಗು ತಡೆಯಲು ಅವಳು ಕೆಳತುಟಿ ಕಚ್ಚುತ್ತಿದ್ದಳು. ಅದನ್ನು ನೋಡಲೆಂದೇ ಅವನು ಸೋಮವಾರಕ್ಕೆ ಕಾಯುತ್ತಿದ್ದ. ಹೇಳಿಕೊಳ್ಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಈಗ ವಕ್ಕರಿಸಿದ್ದ ಈ ಕೋಟಿನವನು. ಸಲಹೆಗಾರನಂತೆ. ಬಾಯಿ ಬಿಟ್ಟರೆ ಸಿನರ್ಜಿ, ಡೀಪ್ ಡೈವ್. ಇವತ್ತು ಮ್ಯಾನೇಜರ್ ಮಾತಾಡುತ್ತಿದ್ದಾಗ ಅವಳತ್ತ ಬಾಗಿ, ಮೇಜಿನ ಈಚೆಗೂ ಕೇಳುವಂತೆ ಪಿಸುಗುಟ್ಟಿದ: "ಇದು ಹೊಟ್ಟಾ, ಪುಂಗೀನಾ?"

ತಿದ್ದಮ್ಮ ಕೆಳತುಟಿ ಕಚ್ಚಿದಳು.

ಕರಡಪ್ಪ ಸಟ್ಟನೆ ಮುಖ ತಿರುಗಿಸಿ ಮೇಲಿನ ಫ್ಯಾನ್ ನೋಡತೊಡಗಿದ. ತಮ್ಮಿಬ್ಬರ ಮಾತು ಅವನ ಬಾಯಲ್ಲಿ! ಅವನ ಪಕ್ಕ ಕೂತರೆ ಕೂರಲಿ, ಆಟದ ಮಾತನ್ನೂ ಅವನಿಗೆ ಹೇಳಿಕೊಟ್ಟುಬಿಟ್ಟಳಲ್ಲ.

ಮಧ್ಯಾಹ್ನ ಅವಳ ಚೀಟಿ ಬಂತು: "ಟೀಗೆ ಬರ್ತೀರಾ?"

ಸಿಟ್ಟಿನಲ್ಲಿ ಕೋಟಿನವನ ಧಾಟಿಯಲ್ಲೇ ಉತ್ತರ ಗೀಚಿದ: "ಸದ್ಯಕ್ಕೆ ಬ್ಯಾಂಡ್‌ವಿಡ್ತ್ ಇಲ್ಲ. ಹೊಸ ಸ್ಟೇಕ್‌ಹೋಲ್ಡರ್ ಜೊತೆ ಅಲೈನ್ ಆಗಿ."

ಐದು ನಿಮಿಷಕ್ಕೆ ಅದೇ ಚೀಟಿ ಹಿಡಿದು ಅವಳೇ ಬಂದಳು. ಮೂರು ಇಂಗ್ಲಿಷ್ ಪದಕ್ಕೂ ಪೆನ್ಸಿಲ್ ಗುರುತು ಬಿದ್ದಿತ್ತು.

"ಮೂರು ಒಗ್ಗರಣೆ, ಮಿಕ್ಕಿದ್ದೆಲ್ಲ ಹೊಟ್ಟು. ಮುಖ ಯಾಕೆ ಹಾಗೆ ಊದ್ಕೊಂಡಿದೆ?"

"ನಮ್ಮ ಆಟಾನ ಅವನಿಗ್ಯಾಕೆ ಹೇಳಿಕೊಟ್ರಿ?"

ಅವಳು ಒಂದು ಹಾಳೆ ಮುಂದಿಟ್ಟಳು. ಹೋದ ತಿಂಗಳದ್ದು, ಅವನದೇ ಕೈಬರಹ. ಕೋಟಿನವನ ಭಾಷಣದ ಪಕ್ಕ ಹನ್ನೊಂದು ಹೊಟ್ಟು.

"ಮೇಜಿನ ಮೇಲೇ ಬಿಟ್ಟು ಹೋಗಿದ್ರಿ. ಅವರ ಕೈಗೇ ಸಿಕ್ತು, ಮ್ಯಾನೇಜರ್‌ಗೆ ತೋರಿಸ್ತೀನಿ ಅಂತ ಕೂತಿದ್ರು. ಇದೊಂದು ಆಟ ಅಂತ ಸಮಾಧಾನ ಮಾಡಿ, ಪಕ್ಕದಲ್ಲಿ ಕೂತು ಕಲಿಸಿ, ಇವತ್ತು ಹಾಳೆ ಇಸ್ಕೊಂಡೆ."

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಹೆದರಿ ಆಟಾನೇ ಬಿಡ್ತಿದ್ರಿ. ಆಮೇಲೆ ಸೋಮವಾರ ನಾನು ಏನು ಮಾಡ್ಲಿ?"

ಅವನು ಹಾಳೆ ಮಡಚಿ ಜೇಬಿಗಿಟ್ಟ. ಆದರೂ ಹೊಟ್ಟೆಕಿಚ್ಚು ಪೂರ್ತಿ ಆರಿರಲಿಲ್ಲ. "ಮತ್ತೆ ನಕ್ಕಿದ್ದು?"

"ನಕ್ಕಾಗ ನಾನು ನೋಡಿದ್ದು ನಿಮ್ಮನ್ನೇ. ನೀವು ಫ್ಯಾನ್ ನೋಡ್ತಾ ಕೂತಿದ್ರಿ." ಅವಳು ಚೀಟಿ ಮಗುಚಿ ಅವನತ್ತ ತಳ್ಳಿದಳು. "ಸರಿಯಾಗಿ ಬರೆದುಕೊಡಿ. ಅದೇ ತಾನೆ ನಿಮ್ಮ ಕೆಲಸ."

ಸಾವಿರಾರು ಕಾಗದ ಬರೆದವನು ಪೆನ್ನು ತೆಗೆದ. ಬರೆದದ್ದು ಮೂರೇ ಸಾಲು.

"ನೀವು ಅವನ ಪಕ್ಕ ಕೂತ್ರೆ ನನಗೆ ತಡೆಯೋಕಾಗಲ್ಲ. ನೀವಂದ್ರೆ ನನಗೆ ತುಂಬಾ ಇಷ್ಟ. ನನ್ನನ್ನ ಮದುವೆ ಆಗ್ತೀರಾ?"

ತಿದ್ದಮ್ಮ ಪೆನ್ಸಿಲ್ ಹಿಡಿದು ಓದಿದಳು. ಪೆನ್ಸಿಲ್ ಒಂದೊಂದು ಪದದ ಮೇಲೂ ನಿಂತು ಮುಂದೆ ಹೋಯಿತು. 'ತುಂಬಾ' ಬಂದಾಗ ಹೆಚ್ಚು ಹೊತ್ತೇ ನಿಂತಿತು. ಗುರುತು ಬೀಳಲಿಲ್ಲ.

ಅವಳು ಪೆನ್ಸಿಲ್ ಕೆಳಗಿಟ್ಟು ಹಸಿರು ಪೆನ್ನು ತೆಗೆದಳು. ಕೆಳತುಟಿ ಕಚ್ಚಿಕೊಂಡು, ಚೀಟಿಯ ಕೆಳಗೆ ಬರೆದಳು: ಸರಿ.