ಬೆರಳಿಗೆ ಅಂಟದ ಸಿಹಿ

ಹಾರ್ನ್ ನಿಲ್ಲಲೇ ಇಲ್ಲ.

ನಮ್ಮ ಡ್ರೈವಿಂಗ್ ಸ್ಕೂಲಿನ ಗೇಟಿನ ಕಂಬಕ್ಕೆ ಬಿಳಿ ಕಾರು ಮೂತಿ ಒತ್ತಿಕೊಂಡು ನಿಂತಿತ್ತು. ಒಳಗೆ ಸ್ಟೀರಿಂಗ್ ಮೇಲೆ ಹಣೆ ಇಟ್ಟು ಕುಳಿತಿದ್ದವರು ನನ್ನ ಸೋದರಮಾವ. ನಾನು ಅಂಗಳದಲ್ಲಿ ಇನ್ನೊಂದು ಕಾರು ತೊಳೆಯುತ್ತಿದ್ದೆ. ಮೊದಲು ನಕ್ಕುಬಿಟ್ಟೆ. ಹಿಂದಿನ ದಿನ ಅವರ ಕನ್ನಡಕಕ್ಕೆ ಸೋಪು ಬಳಿದಿಟ್ಟವನು ನಾನೇ. ಅದರ ಸೇಡು ತೀರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡೆ.

"ಮಾವ, ಆ್ಯಕ್ಟಿಂಗ್ ಸೂಪರ್! ಕಟ್, ಕಟ್!"

ಹಾರ್ನ್ ಕಟ್ ಆಗಲಿಲ್ಲ.

ಕೈಯಲ್ಲಿದ್ದ ಪೈಪ್ ಬಿಸಾಡಿ ಓಡಿದೆ. ನನಗಿಂತ ಮುಂಚೆ ಬ್ರೇಕ್ ಮೇಷ್ಟ್ರು ಆಫೀಸಿನಿಂದ ಓಡಿಬಂದಿದ್ದರು. ಅವರು ಮಾವನ ಪಾಲುದಾರ, ಚಡ್ಡಿ ದೋಸ್ತ್. ಪಾಠ ಮಾಡುವಾಗ ಮಾವ "ಕ್ಲಚ್, ನಿಧಾನ, ಕ್ಲಚ್" ಅಂತ ಜಪ ಮಾಡುತ್ತಾರೆ. ಇವರು "ಬ್ರೇಕ್! ಬ್ರೇಕ್!" ಅಂತ ಕಿರುಚುತ್ತಾರೆ. ಕಲಿಯಲು ಬಂದವರೇ ಇವರಿಗೆ ಇಟ್ಟ ಹೆಸರು ಅದು.

ಬ್ರೇಕ್ ಮೇಷ್ಟ್ರು ಬಾಗಿಲು ತೆಗೆದು ಮಾವನ ತಲೆ ಹಿಂದಕ್ಕೆ ಒರಗಿಸಿದರು. ಮಾವನ ಮುಖ ಬೆವರಿನಿಂದ ತೊಯ್ದಿತ್ತು. ಕಣ್ಣು ಅರ್ಧ ತೆರೆದಿತ್ತು. ಕೈಯಲ್ಲಿ ಕಿತ್ತಳೆ ಬಣ್ಣದ ಕೂಲ್‌ಡ್ರಿಂಕಿನ ಬಾಟಲಿ.

"ಶುಗರ್ ಇಳಿದುಬಿಟ್ಟಿದೆ ಕಣೋ! ಆಂಬುಲೆನ್ಸಿಗೆ ಫೋನ್ ಮಾಡು!"

"ಒಳಗಿಂದ ಸಕ್ಕರೆ ತರ್ಲಾ ಮೇಷ್ಟ್ರೇ?"

"ಇದೆಯಲ್ಲ ಕೈಯಲ್ಲೇ! ನೀನು ಫೋನ್ ಮಾಡೋ ಮೊದ್ಲು!"

ಮಾವನಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ತಕ್ಷಣ ತಿಂಡಿ ತಿನ್ನಬೇಕು. ತಿನ್ನದಿದ್ದರೆ ಶುಗರ್ ಇಳಿದು ಬಿದ್ದುಹೋಗುತ್ತಾರೆ. ಅದಕ್ಕೇ ಕಾರಿನಲ್ಲಿ ಸದಾ ಒಂದು ಬಾಟಲಿ ಸಿಹಿ ಕೂಲ್‌ಡ್ರಿಂಕ್ ಇರುತ್ತಿತ್ತು. ನಾಲ್ಕು ಗುಟುಕು ಇಳಿದರೆ ಸಾಕು, ಎದ್ದು ಕೂರುತ್ತಿದ್ದರು.

ಬ್ರೇಕ್ ಮೇಷ್ಟ್ರು ಬಾಟಲಿಯನ್ನು ಮಾವನ ತುಟಿಗೆ ಹಿಡಿದರು. "ಕುಡಿ ಕಣೋ, ಕುಡಿ. ನನ್ನಪ್ಪ ಅಲ್ವಾ, ಕುಡಿ." ಒಂದಷ್ಟು ಗಂಟಲಿಗೆ ಇಳಿಯಿತು. ಉಳಿದದ್ದು ಅಂಗಿ, ಸೀಟು, ಗೇರು, ಸೀಟ್ ಬೆಲ್ಟಿನ ಮೇಲೆಲ್ಲ ಚೆಲ್ಲಿತು.

ಮಾವ ಎದ್ದು ಕೂರಲಿಲ್ಲ.

* * *

ಆಸ್ಪತ್ರೆಯಲ್ಲಿ ಡಾಕ್ಟರು ಮಾವನ ನರಕ್ಕೆ ಗ್ಲೂಕೋಸ್ ಏರಿಸಿ ಹೊರಗೆ ಬಂದರು. ಹುಬ್ಬು ಗಂಟಿಕ್ಕಿತ್ತು.

"ಕೂಲ್‌ಡ್ರಿಂಕ್ ಕುಡಿಸಿದ್ರಿ ಅಂದ್ರಲ್ಲ, ನಿಜವಾಗ್ಲೂ ಗಂಟಲಿಗೆ ಇಳೀತಾ?"

"ಇಳೀತು ಸಾರ್. ನಾನೇ ನೋಡ್ದೆ," ಅಂದೆ.

"ವಿಚಿತ್ರ. ಬಂದಾಗ ಶುಗರ್ ಪಾತಾಳದಲ್ಲಿತ್ತು. ಮೆದುಳು ತುಂಬ ಹೊತ್ತು ಉಪವಾಸ ಇದ್ದುಬಿಟ್ಟಿದೆ. ಎಚ್ಚರ ಆಗ್ಬಹುದು, ಆಗದೇನೂ ಇರಬಹುದು. ಕಾಯ್ಬೇಕು."

ಅತ್ತೆ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ನನ್ನ ಅಮ್ಮ ಹೋದಮೇಲೆ ನನ್ನನ್ನು ಸಾಕಿದ್ದು ಇವರಿಬ್ಬರೇ. ಏನಾದರೂ ಹೇಳಿ ನಗಿಸೋಣ ಅಂದುಕೊಂಡವನು ಅತ್ತೆಯ ಪಕ್ಕ ಹೋಗಿ ಕೂತೆ.

"ತಿಂಡಿ ತಟ್ಟೆಗೆ ಹಾಕಿದ್ದೆ ಕಣೋ," ಅತ್ತೆ ಗೊಣಗಿದರು. "ಇಂಜೆಕ್ಷನ್ ಆಗಿತ್ತು. ಅಷ್ಟ್ರಲ್ಲಿ ಫೋನು. 'ಆಫೀಸಿಂದ ಕಣೇ, ಇನ್‌ಸ್ಪೆಕ್ಟರ್ ಮೇಡಂ ಬಂದು ಕಾಯ್ತಿದ್ದಾರಂತೆ, ಈಗ್ಲೇ ಹೋಗ್ಬೇಕು' ಅಂತ ಎದ್ದೇಬಿಟ್ರು."

ಇನ್‌ಸ್ಪೆಕ್ಟರ್ ಯಾಕೆ ಅಂತ ನನಗೆ ಗೊತ್ತಿತ್ತು. ಕಳೆದ ವಾರ ನಮ್ಮ ಸ್ಕೂಲಿನ ಕಾರು ಒಬ್ಬ ಸೈಕಲ್ ಸವಾರನಿಗೆ ಗುದ್ದಿತ್ತು. ಅವನು ಬದುಕಲಿಲ್ಲ. ಓಡಿಸುತ್ತಿದ್ದವಳು ಹೊಲಿಗೆ ಅಂಗಡಿಯ ಹುಡುಗಿ, ಹೊಸದಾಗಿ ಕಲಿಯುತ್ತಿದ್ದವಳು. ಪಕ್ಕದ ಸೀಟಿನಲ್ಲಿ ಬ್ರೇಕ್ ಮೇಷ್ಟ್ರು. ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ತಾವು ಅದನ್ನು ಒತ್ತಿದರೂ ಹುಡುಗಿ ಆ್ಯಕ್ಸಿಲರೇಟರ್ ಬಿಡಲಿಲ್ಲ ಎಂದು ಅವರು ಹೇಳಿದ್ದರು. ಹಿಂದಿನ ಸೀಟಿನಲ್ಲಿದ್ದ ಮಾವ ಅವತ್ತಿನಿಂದ ಊಟ ಸೇರದೆ ಓಡಾಡುತ್ತಿದ್ದರು. ಇವತ್ತು ಪೊಲೀಸರಿಗೆ ಹೇಳಿಕೆ ಕೊಡಬೇಕಿತ್ತು.

* * *

ನಾನು ಸ್ಕೂಲಿಗೆ ವಾಪಸಾದೆ. ಆಸ್ಪತ್ರೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತಿತ್ತು.

"ಕಾರು ಕ್ಲೀನ್ ಮಾಡಿಬಿಡಪ್ಪ," ಬ್ರೇಕ್ ಮೇಷ್ಟ್ರು ಮೆಲ್ಲಗೆ ಹೇಳಿದರು. ಕಣ್ಣು ಕೆಂಪಾಗಿತ್ತು. "ಅದನ್ನ ನೋಡೋಕಾಗ್ತಿಲ್ಲ ನಂಗೆ. ಒದ್ದೆ ಬಟ್ಟೇಲಿ ಒರೆಸು, ಸಾಕು."

ಒದ್ದೆ ಬಟ್ಟೆ ಸಾಕಂತೆ! ಕೂಲ್‌ಡ್ರಿಂಕ್ ಚೆಲ್ಲಿದ ಕಾರು ಅಂದರೆ ಏನು ಅಂತ ನನ್ನನ್ನು ಕೇಳಿ. ಬಿಸಿನೀರು, ಸೋಪು, ಹಳೆ ಟವೆಲು ಬೇಕು. ಉಜ್ಜಬಾರದು, ಒತ್ತಿ ಒತ್ತಿ ಹೀರಿಸಬೇಕು. ಉಜ್ಜಿದರೆ ಪಾಕ ಸೀಟಿನ ಹೊಟ್ಟೆಗೆ ಇಳಿಯುತ್ತದೆ. ಬೆಲ್ಟಿನ ಕೊಂಡಿಗೆ ಹೋದರಂತೂ ಮುಗಿಯಿತು, ಒತ್ತಿದ ಗುಂಡಿ ಮೇಲೆ ಬರುವುದಿಲ್ಲ. ಇದೆಲ್ಲ ಆದಮೇಲೂ ಇರುವೆಗಳು ವಾರಗಟ್ಟಲೆ ಬಾಡಿಗೆ ಕೊಡದೆ ವಾಸ ಮಾಡುತ್ತವೆ.

ಬಕೆಟ್ ತುಂಬ ಬಿಸಿನೀರು ಹೊತ್ತು ಬಂದೆ. ಬಿಸಿಲಿಗೆ ಕಾರು ಕಾದಿತ್ತು, ಚೆಲ್ಲಿದ್ದೆಲ್ಲ ಒಣಗಿತ್ತು. ಸೀಟಿನ ಮೇಲೆ ಕಿತ್ತಳೆ ಕಲೆ. ಅಂಗೈ ಊರಿದೆ. ಎತ್ತಿದೆ.

ಅಂಟಲಿಲ್ಲ.

ಗೇರಿನ ಗುಂಡು ಮುಟ್ಟಿದೆ. ನುಣ್ಣಗಿತ್ತು. ಸ್ಟೀರಿಂಗ್ ಮುಟ್ಟಿದೆ. ನುಣ್ಣಗಿತ್ತು. ಬೆಲ್ಟಿನ ಕೊಂಡಿ ಒತ್ತಿದೆ. ಟಕ್! ಹೊಸದರ ಹಾಗೆ ಬಿಟ್ಟುಕೊಂಡಿತು.

ಬಗ್ಗಿ ನೋಡಿದೆ. ಬಿಸ್ಕತ್ತಿನ ಪುಡಿ ಬಿದ್ದರೂ ಮೆರವಣಿಗೆ ಹೊರಡುವ ನಮ್ಮ ಅಂಗಳದ ಇರುವೆಗಳಲ್ಲಿ ಒಂದೂ ಇಲ್ಲ.

ಬಾಟಲಿ ಸೀಟಿನ ಕೆಳಗೆ ಉರುಳಿತ್ತು. ತಳದಲ್ಲಿ ಸ್ವಲ್ಪ ಉಳಿದಿತ್ತು. ಬೆರಳದ್ದಿ ನೆಕ್ಕಿದೆ. ಸಿಹಿ. ಆಮೇಲೆ ನಾಲಿಗೆಯ ಹಿಂದೆ ಒಂದು ಕಹಿ ಬಾಲ.

ನಾಲಿಗೆಗೆ ಸಿಹಿ, ಬೆರಳಿಗೆ ಅಂಟಿಲ್ಲ. ಇದರಲ್ಲಿ ಸಕ್ಕರೆಯೇ ಇಲ್ಲ! ಡಯಟ್ ಮಾಡುವವರು ಕುಡಿಯುವ ಶುಗರ್ ಫ್ರೀ ಇದು. ಶುಗರ್ ಇಳಿದ ಮನುಷ್ಯನಿಗೆ ಇದನ್ನು ಕುಡಿಸುವುದೂ ಒಂದೇ, ಕೊಳಾಯಿ ನೀರು ಕುಡಿಸುವುದೂ ಒಂದೇ.

ಬಾಟಲಿಯ ಹೊರಗಿನ ಚೀಟಿ ಮಾತ್ರ ಮಾಮೂಲಿ ಸಕ್ಕರೆಯ ಕೂಲ್‌ಡ್ರಿಂಕಿನದು.

ಅಂದರೆ ಯಾರೋ ಒಳಗಿನದನ್ನು ಚೆಲ್ಲಿ ಇದನ್ನು ತುಂಬಿದ್ದಾರೆ. ಸಿನಿಮಾದಲ್ಲಾಗಿದ್ದರೆ ಇಲ್ಲಿ ಇಂಟರ್‌ವಲ್ ಬಿಡುತ್ತಿದ್ದರು. ನನಗೆ ಬಿಡಲಿಲ್ಲ.

* * *

ಹೇಳಲು ನಾಚಿಕೆ, ಮೊದಲು ಅನುಮಾನ ಬಂದದ್ದು ಅತ್ತೆಯ ಮೇಲೆ. ಮನೆಯ ಫ್ರಿಜ್ಜಿನಲ್ಲಿ ಶುಗರ್ ಫ್ರೀ ಬಾಟಲಿಗಳನ್ನು ಸಾಲಾಗಿ ಜೋಡಿಸಿಟ್ಟವರು ಅವರೇ. ಗೊತ್ತಾಗದೆ ಕಾರಿನ ಬಾಟಲಿಗೂ ಅದನ್ನೇ ತುಂಬಿಟ್ಟಿರಬಹುದಾ? ಆಸ್ಪತ್ರೆಗೆ ಓಡಿ ಕೇಳಿಯೇಬಿಟ್ಟೆ.

"ನಾನಾ?" ಅತ್ತೆಯ ಧ್ವನಿ ಬಿರುಕುಬಿಟ್ಟಿತು. "ಮೊನ್ನೆ ಸಕ್ಕರೇದೇ ಹೊಸ ಬಾಟ್ಲಿ ತಂದು ನಾನೇ ಇಟ್ಟೆ. ಮುಚ್ಚಳ ಬಿಗಿಯಾಗಿರುತ್ತೆ, ಕೈ ನಡುಗೋವಾಗ ಬಿಚ್ಚೋಕೆ ಆಗಲ್ಲ ಅಂತ ನಾನೇ ಒಂದ್ಸಲ ತಿರುಗಿಸಿ ಸಡಿಲ ಮಾಡಿಟ್ಟೆ."

ಆಮೇಲೆ ನನ್ನನ್ನೇ ನೋಡಿದರು. ಆ ನೋಟ ಬದಲಾಗುವುದು ನನಗೆ ಕಂಡಿತು.

"ಹೋದ ತಿಂಗಳು ಸಕ್ಕರೆ ಡಬ್ಬಿಗೆ ಉಪ್ಪು ತುಂಬಿದ್ದು ಯಾರು?"

"ಅತ್ತೆ, ಅದು ಬೇರೆ..."

"ಶಾಂಪೂ ಬಾಟ್ಲಿಗೆ ಎಣ್ಣೆ ತುಂಬಿದ್ದು ಯಾರು? ಹೇಳೋ! ತಮಾಷೆಗೆ ಇದನ್ನೂ ನೀನೇ ಬದಲಾಯಿಸಿದ್ಯಾ?"

"ಇಲ್ಲ ಅತ್ತೆ! ಮಾವನ ಆಣೆ!"

"ಮಾವನ ಆಣೆ ಹಾಕ್ಬೇಡ. ಅವರ ಹತ್ರ ಆಣೆಗೆ ಉಳಿದಿರೋದು ಒಂದು ಉಸಿರು."

ಅವರು ಮುಖ ತಿರುಗಿಸಿಕೊಂಡರು. ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅಷ್ಟಕ್ಕೂ ಅವರ ಅನುಮಾನದಲ್ಲಿ ತಪ್ಪೇನು? ಬೆಳಿಗ್ಗೆ ಆಫೀಸಿನಿಂದ ಫೋನ್ ಹೋಗಿತ್ತು, ಇನ್‌ಸ್ಪೆಕ್ಟರ್ ಮಾತ್ರ ನಮ್ಮ ಅಂಗಳಕ್ಕೆ ಕಾಲಿಟ್ಟಿರಲೇ ಇಲ್ಲ. ಆಗ ಸ್ಕೂಲಿನಲ್ಲಿದ್ದವರು ಇಬ್ಬರೇ. ನಾನು ಮತ್ತು ಬ್ರೇಕ್ ಮೇಷ್ಟ್ರು.

ನಾನು ಮಾಡಿರಲಿಲ್ಲ.

ಮಾವನ ಮದುವೆಯಲ್ಲಿ ಕುಣಿದವರು ಬ್ರೇಕ್ ಮೇಷ್ಟ್ರು. ನನಗೆ ಕಾರು ಕಲಿಸಿದವರು ಅವರು. ಬೊಜ್ಜು ಕರಗಿಸುತ್ತೇನೆ ಅಂತ ಮೇಜಿನ ಕೆಳಗೆ ಅದೇ ಕಿತ್ತಳೆ ಬಣ್ಣದ ಶುಗರ್ ಫ್ರೀ ಬಾಟಲಿಗಳನ್ನು ಇಟ್ಟುಕೊಂಡವರೂ ಅವರೇ. ಹಿಂದಿನ ಸಂಜೆ ಬಿಳಿ ಕಾರಿನಲ್ಲಿ ಕೊನೆಯ ಪಾಠ ಮಾಡಿ ಕೀಲಿಯನ್ನು ಮಾವನ ಕೈಗೆ ಕೊಟ್ಟವರೂ ಅವರೇ.

ಆದರೆ ಸಾಕ್ಷಿ? ತರಲೆ ಅಂತ ಹೆಸರಾದವನ ಮಾತನ್ನು ಯಾರು ನಂಬುತ್ತಾರೆ? ತೋಳ ಬಂತು ತೋಳ ಅಂತ ಕೂಗಿ ಕೂಗಿ ನನ್ನ ಗಂಟಲನ್ನು ನಾನೇ ಹಾಳು ಮಾಡಿಕೊಂಡಿದ್ದೆ.

ಸರಿ, ಹಾಗಾದರೆ ತರಲೆಯನ್ನೇ ಮಾಡೋಣ.

* * *

ಸಂಜೆ ಇನ್‌ಸ್ಪೆಕ್ಟರ್ ಮೇಡಂ ಸ್ಕೂಲಿನ ಆಫೀಸಿಗೆ ಬಂದರು. ಅತ್ತೆಯನ್ನೂ ಕರೆಸಿದ್ದರು. ಬ್ರೇಕ್ ಮೇಷ್ಟ್ರು ಅತ್ತೆಗೆ ಕುರ್ಚಿ ಎಳೆದು ಕೊಟ್ಟರು, ನೀರು ತಂದು ಕೊಟ್ಟರು.

"ನಾನು ಅವರನ್ನ ಬೆಳಿಗ್ಗೆ ಕರೆದೇ ಇಲ್ಲ," ಮೇಡಂ ಹೇಳಿದರು. "ಮಧ್ಯಾಹ್ನ ಸ್ಟೇಷನ್ನಿಗೆ ಬನ್ನಿ ಅಂದಿದ್ದೆ. ಫೋನ್ ಮಾಡಿದ್ದು ಯಾರು?"

"ನಾನಂತೂ ಅಲ್ಲ ಮೇಡಂ," ಬ್ರೇಕ್ ಮೇಷ್ಟ್ರು ನನ್ನ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ಹುಡುಗು ಬುದ್ಧಿ..."

ಅತ್ತೆ ತಲೆ ಎತ್ತಲಿಲ್ಲ. ಮೇಡಂ ನನ್ನತ್ತ ತಿರುಗಿದರು.

ನಾನು ಬಾಟಲಿಯನ್ನು ಮೇಜಿನ ಮೇಲೆ ಕುಟ್ಟಿ ಇಟ್ಟೆ.

"ಮೇಡಂ, ಡಾಕ್ಟರ್ ಫೋನ್ ಮಾಡಿದ್ರು. ಮಾವನ ರಕ್ತದಲ್ಲಿ ವಿಷ ಸಿಕ್ಕಿದೆ. ಇಲಿ ಪಾಷಾಣ. ಈ ಬಾಟ್ಲಿಯಲ್ಲೇ ಬೆರೆಸಿದ್ದಾರಂತೆ!"

ಅತ್ತೆ ಚೀರಿದರು. ಮೇಡಂ ಸಟ್ಟನೆ ಎದ್ದರು. "ಯಾರೂ ಮುಟ್ಬೇಡಿ. ಇದು ಲ್ಯಾಬಿಗೆ ಹೋಗ್ಬೇಕು."

ಲ್ಯಾಬ್ ಅಂದ ಕೂಡಲೇ ಬ್ರೇಕ್ ಮೇಷ್ಟ್ರ ಹಣೆಯಲ್ಲಿ ಒಂದು ನರ ಎದ್ದಿತು. ಮರುಕ್ಷಣ ಅವರು ನನ್ನ ಹೆಗಲ ಮೇಲೆ ಕೈ ಹಾಕಿದರು.

"ಮೇಡಂ, ಇವನು ತರಲೆ, ಒಪ್ತೀನಿ. ಆದ್ರೆ ಕೊಲೆಗಾರ ಅಲ್ಲ. ನನ್ನ ಕಣ್ಣೆದುರು ಬೆಳೆದ ಹುಡುಗ. ವಿಷಾನೂ ಇಲ್ಲ, ಮಣ್ಣೂ ಇಲ್ಲ. ನೋಡಿ, ನಾನೇ ಕುಡಿದು ತೋರಿಸ್ತೀನಿ!"

"ಏಯ್!" ಮೇಡಂ ಕೈ ಚಾಚುವಷ್ಟರಲ್ಲಿ ಅವರು ಬಾಟಲಿ ಎತ್ತಿ ಬಾಯಿಗೆ ಸುರಿದುಕೊಂಡಾಗಿತ್ತು.

ಒಂದು ಗುಟುಕು. ಎರಡನೆಯದು ಬಾಯಲ್ಲೇ ನಿಂತಿತು. ಕಣ್ಣು ಅಗಲವಾಯಿತು. ಬಾಟಲಿಯ ಚೀಟಿ ನೋಡಿದರು. ನನ್ನನ್ನು ನೋಡಿದರು.

"ಇದು... ಇದು ಅದಲ್ಲ."

"ಯಾವುದಲ್ಲ?" ಮೇಡಂ ಮೆಲ್ಲಗೆ ಕೇಳಿದರು.

ಬ್ರೇಕ್ ಮೇಷ್ಟ್ರು ಬಾಯಿ ಮುಚ್ಚಿಕೊಂಡರು. ತಡವಾಗಿತ್ತು.

* * *

"ವಿಷ ಅಂದಿದ್ದು ಸುಳ್ಳು ಮೇಡಂ. ಕ್ಷಮಿಸಿ ಅತ್ತೆ," ಅಂದೆ. ಜೇಬಿನಿಂದ ಇನ್ನೊಂದು ಪುಟ್ಟ ಬಾಟಲಿ ತೆಗೆದೆ. "ಕಾರಲ್ಲಿ ಉಳಿದಿದ್ದು ಇದು. ಶುಗರ್ ಫ್ರೀ. ಅದನ್ನ ಇಲ್ಲಿ ಎತ್ತಿಟ್ಟು ಆ ದೊಡ್ಡ ಬಾಟ್ಲಿಗೆ ಅಂಗಡಿಯಿಂದ ಸಕ್ಕರೇದು ತಂದು ತುಂಬಿದೆ. ಅಂದ್ರೆ ಚೀಟೀಲಿ ಏನು ಬರೆದಿದೆಯೋ ಅದೇ ಈಗ ಒಳಗಿದೆ. ಅದನ್ನ ಕುಡಿದವರು 'ಅದಲ್ಲ' ಅಂತಾರಾ? ಒಳಗೆ ಬೇರೆ ಏನೋ ಇರ್ಬೇಕಿತ್ತು ಅಂತ ಗೊತ್ತಿದ್ದವರು ಮಾತ್ರ ಅಂತಾರೆ."

ಮೇಡಂ ಪುಟ್ಟ ಬಾಟಲಿಯನ್ನು ಬೆಳಕಿಗೆ ಹಿಡಿದರು. "ವಿಷ ಇದೆ ಅಂದ್ರೂ ಹೆದರದೆ ಕುಡಿದ್ರಿ. ಇಲ್ಲ ಅಂತ ಅಷ್ಟು ಗ್ಯಾರಂಟಿ ಹೇಗೆ ಬಂತು? ಲ್ಯಾಬಿಗೆ ಹೋಗೋ ಮೊದ್ಲು ಖಾಲಿ ಮಾಡ್ಬೇಕಿತ್ತು, ಅಲ್ವಾ?"

ಬ್ರೇಕ್ ಮೇಷ್ಟ್ರು ದೊಡ್ಡ ಬಾಟಲಿಯನ್ನು ಮೇಜಿನ ಮೇಲೆ ಇಟ್ಟರು. ನಾನೇ ಮುಂದುವರಿಸಿದೆ. ನಿಲ್ಲಿಸಿದರೆ ಅಳು ಬರುತ್ತಿತ್ತು.

"ಒದ್ದೆ ಬಟ್ಟೆ ಸಾಕು ಅಂದ್ರಲ್ಲ ಮೇಷ್ಟ್ರೇ. ಈ ಹಿಂದೆ ಒಂದು ಲೋಟ ಜ್ಯೂಸ್ ಚೆಲ್ಲಿದ್ದಕ್ಕೆ ಬಿಸಿನೀರು ತಾ, ಸೋಪು ತಾ ಅಂತ ಇಡೀ ದಿನ ಬೈದವರು ನೀವು. ಇದು ಅಂಟಲ್ಲ ಅಂತ ನಿಮಗೆ ಮೊದ್ಲೇ ಗೊತ್ತಿತ್ತು. ನಿನ್ನೆ ಸಂಜೆ ಬಾಟ್ಲಿ ಬದಲಾಯಿಸಿದ್ರಿ. ಬೆಳಿಗ್ಗೆ ಇಂಜೆಕ್ಷನ್ ಆಗೋ ಹೊತ್ತು ನೋಡಿ ಫೋನ್ ಮಾಡಿದ್ರಿ. ನಾನು ಸಕ್ಕರೆ ತರ್ತೀನಿ ಅಂದೆ. ತಡೆದಿರಿ."

ಅತ್ತೆ ಎದ್ದು ಅವರ ಎದುರು ನಿಂತರು. "ಯಾಕಣ್ಣ?"

ಆ 'ಅಣ್ಣ' ಕೇಳಿ ಅವರ ಮುಖ ಕುಸಿಯಿತು. ಕುರ್ಚಿಗೆ ಬಿದ್ದರು.

"ಅವತ್ತು ಪಾಠದ ಹೊತ್ತಲ್ಲಿ ನಾನು ಫೋನಲ್ಲಿದ್ದೆ ಕಣಮ್ಮ. ಆ ಸೈಕಲ್‌ನೋನು ಅಡ್ಡ ಬಂದಾಗ ನನ್ನ ಕಾಲು ಬ್ರೇಕ್ ಮೇಲೆ ಇರ್ಲಿಲ್ಲ. ಹುಡುಗಿ ಮೇಷ್ಟ್ರೇ ಮೇಷ್ಟ್ರೇ ಅಂತ ಕಿರುಚಿದ್ಲು. ನಿನ್ನ ಗಂಡ ಹಿಂದೆ ಕೂತು ಎಲ್ಲ ನೋಡಿದ. ಹೇಳ್ಬೇಡ ಅಂತ ಕಾಲು ಹಿಡಿದೆ. ಆ ಹುಡುಗಿ ಜೈಲಿಗೆ ಹೋಗ್ತಾಳೆ, ನಾನು ಹೇಳ್ತೀನಿ ಅಂದ."

"ಅದಕ್ಕೆ ಸಾಯಿಸೋದಾ?" ಅತ್ತೆ ಕೂಗಿದರು.

ಮೇಡಂ ಬ್ರೇಕ್ ಮೇಷ್ಟ್ರ ತೋಳು ಹಿಡಿದು ಎಬ್ಬಿಸಿದರು. ಬಾಗಿಲ ಬಳಿ ನಿಂತು ನನ್ನತ್ತ ಬೆರಳು ತೋರಿಸಿದರು.

"ಪೊಲೀಸರ ಮುಂದೆ ಇನ್ನೊಂದ್ಸಲ ಸುಳ್ಳು ಹೇಳಿದ್ರೆ ನಿನ್ನನ್ನೂ ಒಳಗೆ ಹಾಕ್ತೀನಿ."

ಜೀಪು ಹೊರಟಿತು. ಅತ್ತೆ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು. ಬೈಯಲಿಲ್ಲ. ಅದೇ ಹೆಚ್ಚು ಹೆದರಿಸಿತು.

* * *

ಮಾರನೆಯ ಬೆಳಿಗ್ಗೆ ಮಾವ ಕಣ್ಣು ಬಿಟ್ಟರು. ಅತ್ತೆಯನ್ನು ಗುರುತಿಸಿದರು. ನನ್ನನ್ನು ಗುರುತಿಸಿ, "ಇವನು ಇಲ್ಲಿ ಏನು ಬದಲಾಯಿಸಿಟ್ಟಿದ್ದಾನೆ ನೋಡಿ ಸಿಸ್ಟರ್," ಅಂತ ತೊದಲಿದರು. ಡಾಕ್ಟರ್ ನಕ್ಕರು, ಇನ್ನು ಭಯವಿಲ್ಲ ಅಂದರು.

ಮೇಡಂ ಬಂದು ಹೇಳಿಕೆ ಬರೆದುಕೊಂಡರು. ಹೊಲಿಗೆ ಅಂಗಡಿಯ ಹುಡುಗಿಯ ತಪ್ಪಿಲ್ಲ ಅಂತ ಮಾವ ಎರಡೆರಡು ಸಲ ಹೇಳಿದರು. ಆಮೇಲೆ ಅತ್ತೆ ಅವರ ಕೈ ಹಿಡಿದು ಮಿಕ್ಕದ್ದನ್ನೆಲ್ಲ ಹೇಳಿದರು. ಬಾಟಲಿ ಬದಲಾಯಿಸಿದ್ದು ಯಾರು ಎಂಬುದನ್ನೂ.

ಮಾವ ನನ್ನನ್ನು ಹತ್ತಿರ ಕರೆದರು.

"ಫೋನ್ ಮಾಡಿದಾಗ ಅವನು ಮೊದ್ಲು ಏನು ಕೇಳ್ದ ಗೊತ್ತೇನೋ?" ಅಂದರು. "ತಿಂಡಿ ಆಯ್ತಾ ಅಂತ ಕೇಳ್ದ. ಇನ್ನೂ ಇಲ್ಲ ಕಣೋ, ಇಂಜೆಕ್ಷನ್ ಮಾತ್ರ ಆಯ್ತು ಅಂದೆ. ಸರಿ, ಹಾಗಾದ್ರೆ ಬೇಗ ಬಂದ್ಬಿಡು ಅಂದ."

ಅವರು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು.

"ಎಷ್ಟು ಕಾಳಜಿ ನೋಡು ಇವನಿಗೆ ಅಂದ್ಕೊಂಡೆ."