ಭೂಮಿಗೆ ತುಂಬಿದ ಉಡಿ

ಈ ಮಡಕೆ ಮೂರು ಸಾವಿರ ವರ್ಷ ಹಳೆಯದು ಎಂದು ನಾನು ಗುಡಿಕಟ್ಟೆಯ ಮೇಲೆ ನಿಂತು ಊರಿನವರೆದುರು ಹೇಳಿ ಮುಗಿಸುವಷ್ಟರಲ್ಲಿ ಅದರೊಳಗಿಂದ ಗುಳೇದಗುಡ್ಡದ ಖಣ ಹೊರಬಂತು.

ಮೊದಲು ಸಿಕ್ಕ ಕೆಂಪು ಕಲ್ಲಿನ ಮಣಿಗಳಿಗೆ ಚಪ್ಪಾಳೆ ಹೊಡೆದಿದ್ದವರು ಈಗ ಕತ್ತು ಚಾಚಿ ಇಣುಕಿದರು. ನನ್ನ ಬ್ರಷ್ ಕೈಯಲ್ಲೇ ನಿಂತಿತು. ಖಣದ ಹಿಂದೆ ಅರಿಶಿನ ಕೊಂಬು, ಅಡಿಕೆ, ಉತ್ತತ್ತಿ, ಕೊನೆಗೆ ಹಸಿರು ಗಾಜಿನ ಬಳೆಗಳು ಬಂದವು. ಬೃಹತ್ ಶಿಲಾಯುಗದ ಯಾವ ಹೆಂಗಸೂ ಖಣದ ಕುಪ್ಪಸ ತೊಟ್ಟದ್ದನ್ನು ನಾನು ಓದಿರಲಿಲ್ಲ.

ಇದು ಸರ್ಕಾರದ ದುಡ್ಡಿನ ಕೆಲಸವಲ್ಲ. ಆನೆಗೊಂದಿಯ ಆಚೆ ಹೊಳೆದಂಡೆಯ ಈ ಊರಿನವರು ನಮ್ಮ ಇತಿಹಾಸ ನಾವೇ ತೆಗೆಸುತ್ತೇವೆಂದು ಕಮಿಟಿ ಮಾಡಿ, ಮನೆಮನೆಯಿಂದ ಪಟ್ಟಿ ಎತ್ತಿ, ಇಲಾಖೆಯ ಅನುಮತಿ ತಂದು, ಕುಷ್ಟಗಿಯವಳಾದ ನನ್ನನ್ನು ಅಗೆತಕ್ಕೆ ಕರೆಸಿದ್ದರು. ಅವರ ಷರತ್ತು ಒಂದೇ. ಏನು ಸಿಕ್ಕರೂ ಊರೆದುರೇ ತೆರೆಯಬೇಕು. ದೀಪಾವಳಿಯೊಳಗೆ ಏನೂ ಸಿಗದಿದ್ದರೆ ಗುಂಡಿ ಮುಚ್ಚಬೇಕು, ನಾನು ಊರು ಬಿಡಬೇಕು.

ಊರು ಬಿಡುವುದು ನನಗೆ ಬೇಡವಾಗಿತ್ತು. ಕಾರಣ ವಿರುಪಾಕ್ಷಿ.

ತನ್ನ ಬಾಳೆತೋಟದ ಒಂದು ಮಗ್ಗುಲನ್ನು ಅಗೆತಕ್ಕೆ ಬಿಟ್ಟುಕೊಟ್ಟವನು ಅವನೇ. ನೀರು ಬಿಡುವ ನೆಪದಲ್ಲಿ ಬಂದು ಗುಂಡಿಯ ಅಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ನಾನು ತಲೆಯೆತ್ತಿದರೆ ಬಾಳೆಗೊನೆ ನೋಡುತ್ತಿದ್ದ. ಗೊನೆ ಇನ್ನೂ ಬಿಟ್ಟಿರಲೇ ಇಲ್ಲ. ಫೋಟೋದಲ್ಲಿ ನಿಮ್ಮ ನೆರಳು ಬೀಳುತ್ತದೆ, ಸರಿಯಿರಿ ಎಂದು ಗದರುತ್ತಿದ್ದೆ. ಅವನು ಸರಿದ ಮೇಲೆ ಬೇಸರವಾಗುತ್ತಿತ್ತು. ಅದನ್ನು ಯಾರ ಮುಂದೆ ಹೇಳಲಿ?

ಸೀಗಿ ಹುಣ್ಣಿಮೆಗೆ ಕುಷ್ಟಗಿಗೆ ಹೋಗಿದ್ದಾಗ ಇಲ್ಲಿ ಜೋರು ಮಳೆಯಾಗಿ ಗುಂಡಿಯಲ್ಲಿ ರಾಡಿ ನಿಂತಿತ್ತು. ಬಂದು ರಾಡಿ ತೆಗೆಸಿದೆ. ಮೂಲೆಯಲ್ಲಿ ಕಪ್ಪು-ಕೆಂಪು ಬಣ್ಣದ ಹಳೇ ಕಾಲದ ಮಡಕೆ ಕಂಡಿತು. ಸುತ್ತಲಿನ ಮಣ್ಣು ಸ್ವಲ್ಪ ಮೆತ್ತಗಿದ್ದದ್ದೂ ಕಂಡಿತ್ತು. ಮಳೆಗೆ ಹಾಗಾಗಿದೆ ಎಂದುಕೊಂಡೆ. ಬೇಕಾದದ್ದು ಸಿಕ್ಕಾಗ ಓದಿದ ವಿದ್ಯೆಯೆಲ್ಲ ಗಂಟುಮೂಟೆ ಕಟ್ಟುತ್ತದೆ.

ಈಗ ಕಟ್ಟೆಯ ಕೆಳಗಿನ ಹೆಂಗಸರ ನಡುವಿನಿಂದ ಕಸ್ತೂರೆಮ್ಮ ಎದ್ದು ನಿಂತರು. ವಿರುಪಾಕ್ಷಿಯ ತಾಯಿ.

"ಅದು ನಾ ಭೂಮಿತಾಯಿಗೆ ತುಂಬಿದ ಉಡಿ ಐತಿ. ಯಾಕ ತಗದ್ರಿ?"

ಸೀಗಿ ಹುಣ್ಣಿಮೆಗೆ ಭೂಮಿ ಬಸುರಿ ಎಂದು ಊರೆಲ್ಲ ಹೊಲದಲ್ಲಿ ಎಡೆಯ ಅಡುಗೆಯನ್ನು ಚರಗವಾಗಿ ಚೆಲ್ಲುತ್ತದೆ. ತಮ್ಮ ಹೊಲದಲ್ಲಿ ಮಾತ್ರ ಬಸುರಿಯ ಹೊಟ್ಟೆ ಬಗೆದು ಬಿಟ್ಟಂತೆ ಗುಂಡಿ ಬಿದ್ದಿರುವುದನ್ನು ಕಂಡು ಆಕೆಗೆ ಕರುಳು ಚುರ್ ಎಂದಿತಂತೆ. ಹಿಂದೆ ಆಕೆಯ ಮಾವ ಹೊಲದಲ್ಲಿ ರಂಟೆ ಹೊಡೆಯುವಾಗ ಸಿಕ್ಕ ಮಡಕೆ, ಮಣಿಗಳು ಅಂದಿನಿಂದ ಬನ್ನಿಗಿಡದ ಬುಡದಲ್ಲಿದ್ದವಂತೆ. ಭೂಮಿಯದು ಭೂಮಿಗೇ ಸೇರಲಿ ಎಂದು ಬಸುರಿಯ ಮಡಿಲಿಗೆ ತುಂಬುವಂತೆ ಅದರಲ್ಲೇ ಉಡಿ ತುಂಬಿ, ಗುಂಡಿಯ ಮೂಲೆಯಲ್ಲಿಟ್ಟು, ಮೇಲೆ ಮಣ್ಣು ಹಾಕಿ ಹೂತಿಟ್ಟಿದ್ದರು.

ಕಮಿಟಿಯ ಹಿರಿಯ ಕರಿಬಸಪ್ಪ ಹಣೆ ಚಚ್ಚಿಕೊಂಡರು. ಉಡಿ ತುಂಬಿ ಏನು ಬೇಡಿದೆಯವ್ವ ಎಂದು ಸಿಟ್ಟಿನಿಂದಲೇ ಕೇಳಿದರು.

"ಈ ಹುಡಿಗಿ ನಮ್ಮ ಮನಿ ತುಂಬಲಿ ಅಂತ ಬೇಡೀನಿ. ನನ್ನ ಮಗ ವಾರಕ್ಕೊಮ್ಮಿ ದಾಡಿ ಮಾಡಿಸಂವ, ಈಗ ದಿನಾ ಮಾಡಿಕೊಳ್ಳಾಕತ್ಯಾನ. ಮತ್ತೇನ್ ಬೇಡ್ಲಿ?"

ಒಂದೇ ಗಳಿಗೆಯಲ್ಲಿ ಕೆಲಸ ಹೋಯಿತು, ಮಾನ ಹೋಯಿತು, ನಾನು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದು ಊರ ಬಾಯಿಗೆ ಬಿತ್ತು. ಯಾವುದಕ್ಕೆ ಅಳಬೇಕೋ ತಿಳಿಯಲಿಲ್ಲ. ಕಂಬಕ್ಕೆ ಆತು ನಿಂತಿದ್ದ ವಿರುಪಾಕ್ಷಿಯ ಮುಖ ಸುಣ್ಣದಂತಾಗಿತ್ತು. ಅವನು ನನ್ನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ.

ಕರಿಬಸಪ್ಪ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಬುದ್ಧಿ ಹೇಳಿದರು. ಕೊಪ್ಪಳದಿಂದ ಪೇಪರಿನವರು ಇನ್ನೂ ಬರಬೇಕು. ಮಡಕೆ ಹಳೆಯದು, ಮಣಿಯೂ ಹಳೆಯವು. ಖಣ, ಬಳೆ ತೆಗೆದುಬಿಟ್ಟರೆ ಮುಗಿಯಿತು. ಊರಿಗೆ ಹೆಸರು ಬರುತ್ತದೆ, ಅಗೆತ ನಡೆಯುತ್ತದೆ, ನೀವೂ ಇರುತ್ತೀರಿ. ಕಟ್ಟೆಯ ಮೇಲಿನವರೆಲ್ಲ ಹೌದೌದೆಂದರು.

ಇರಬೇಕೆಂಬ ಆಸೆ ನನಗೆಷ್ಟಿತ್ತೆಂದರೆ, ಖಣ ಮಡಚಲು ಕೈ ಹೋಗಿಯೇಬಿಟ್ಟಿತು. ಆಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಇದು ಆ ಗುಂಡ್ಯಾಗ ಮೊದಲಿಂದ ಇದ್ದದ್ದಲ್ಲರಿ," ಎಂದೆ. "ನಿಮ್ಮ ಊರಿಗೆ ನಾ ಸುಳ್ಳು ಇತಿಹಾಸ ಕೊಡೂದಿಲ್ಲ."

ಅಲ್ಲಿಗೆ ಎಲ್ಲ ತೀರ್ಮಾನವಾಯಿತು. ಮಡಕೆ, ಮಣಿ ಇಲಾಖೆಗೆ. ದೀಪಾವಳಿ ಬಾಗಿಲಿಗೇ ಬಂದಿತ್ತು, ಗುಂಡಿ ನಾಳೆ ಮುಚ್ಚುವುದು. ಕಸ್ತೂರೆಮ್ಮನದು ಒಂದೇ ಹಟ. ತುಂಬಿದ ಉಡಿ ಹಿಂದಕ್ಕೆ ತೆಗೆಯಬಾರದು, ತೆಗೆದ ಕೈಯೇ ತಿರುಗಿ ಇಡಬೇಕು.

ಮರುದಿನ ಬೆಳಿಗ್ಗೆ ಸೆರಗಿನಲ್ಲಿ ಉಡಿ ಕಟ್ಟಿಕೊಂಡು ಗುಂಡಿಗೆ ಇಳಿದೆ. ಮೇಲೆ ಸಲಿಕೆ ಹಿಡಿದು ವಿರುಪಾಕ್ಷಿ ನಿಂತಿದ್ದ. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು, ನುಣ್ಣಗೆ ಬೋಳಿಸಿದ ಗಲ್ಲ. ದಾಡಿ ಮಾಡುವುದನ್ನು ಇವತ್ತೂ ಬಿಟ್ಟಿಲ್ಲವಲ್ಲ ಎಂದು ಆ ಸಂಕಟದಲ್ಲೂ ನಗು ಬಂತು.

"ನಮ್ಮವ್ವನ ಮಾತಿಗೆ ಸಿಟ್ಟಾಗಬ್ಯಾಡ್ರಿ, ಮೇಡಂ. ಆಕಿಗೆ ನಾ ಏನೂ ಹೇಳಿದ್ದಿಲ್ಲ."

"ಅದಕ್ಕ ಸಿಟ್ಟು ನಂಗ. ನಿಮ್ಮವ್ವ ಊರಿಗೆಲ್ಲಾ ಹೇಳಿದ್ರು. ನೀವು ನನಗೊಬ್ಬಾಕಿಗೂ ಹೇಳಲಿಲ್ಲ."

ಅವನು ಸಲಿಕೆಯ ಹಿಡಿಕೆ ತಿರುವಿದ.

"ಹೇಳಿದ್ರ ಗುಂಡಿ ಬಿಟ್ಟು ಹೊಂಟುಬಿಡ್ತೀರಿ ಅಂತ ಅಂಜಿದ್ನಿ. ಈಗ ಗುಂಡಿನೂ ಉಳೀಲಿಲ್ಲ. ನೀವು ಹೋಗಬ್ಯಾಡ್ರಿ, ಶೈಲಶ್ರೀ. ನೀವಂದ್ರ ನಂಗ ಭಾಳ ಜೀವ."

ಅವನ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಬಗ್ಗಿ ಖಣ ಹಾಸಿದೆ. ಮೇಲೆ ಅರಿಶಿನ, ಅಡಿಕೆ, ಉತ್ತತ್ತಿ, ಬಳೆ ಇಟ್ಟೆ. ಕೈ ಮುಗಿದೆ. ಉಡಿ ತುಂಬಿದವಳು ಏನಾದರೂ ಬೇಡಲೇಬೇಕಲ್ಲ, ಬೇಡಿಕೊಂಡೆ.

"ಏನ್ ಬೇಡಿದ್ರಿ?" ಅವನು ಅಂಜುತ್ತಲೇ ಕೇಳಿದ.

"ನಿಮ್ಮವ್ವ ಬೇಡಿದ್ದನ್ನ."

ಸಲಿಕೆ ಅವನ ಕೈಜಾರಿ ನನ್ನ ಪಕ್ಕದಲ್ಲೇ ಬಿತ್ತು. ಕಾಲ ಮೇಲೆ ಬಿದ್ದಿದ್ದರೆ ನಿಮ್ಮ ಮನೆಗೆ ಕುಂಟುತ್ತ ಬರಬೇಕಾಗುತ್ತಿತ್ತು ಎಂದು ಬೈದೆ. ಅವನಿಗೆ ಅದೊಂದೂ ಕೇಳಿಸಿದಂತೆ ಕಾಣಲಿಲ್ಲ. ಅಂಚಿನಲ್ಲಿ ಮಂಡಿಯೂರಿ ಕೈ ಚಾಚಿದ. ಹಿಡಿದು ಮೇಲೆ ಬಂದೆ. ಬಂದ ಮೇಲೂ ಬಿಡಲಿಲ್ಲ.