ವೃತ್ತದಲ್ಲಿ ತಾರ್ಮೋನ ಸರದಿ

ಸರೋವರದ ಮಂಜುಗಡ್ಡೆ ದಡ ಬಿಟ್ಟು ಮೆಲ್ಲಗೆ ಸರಿಯುತ್ತಿದ್ದ ದಿನಗಳವು. ಎತ್ತರದ ಗೋಡೆಯಿಲ್ಲದ ಆ ಸೆರೆಮನೆಯ ದನದ ಕೊಟ್ಟಿಗೆಯಲ್ಲಿ ಬಿಸಿಲು ಹಾಲಿನಂತೆ ತೆಳ್ಳಗೆ ಹರಡಿತ್ತು. ಕೊಟ್ಟಿಗೆಯ ಮೇಲ್ವಿಚಾರಕ ತಾರ್ಮೋ ಬಾಗಿಲ ಕಡೆಗೇ ಕಿವಿಯಿಟ್ಟು ನಿಂತಿದ್ದ. ಕೈದಿಗಳ ಕುಡಿತ ಬಿಡಿಸುವ ಕಾರ್ಯಕ್ರಮ ನಡೆಸುವ ಸೈಮಿ ಬರುವ ಹೊತ್ತು ಅದು. ಹುಲ್ಲು, ಹಸು, ಹವೆಯ ವಿಷಯ ಬಿಟ್ಟು ಅವಳೊಡನೆ ಬೇರೆ ಮಾತೆತ್ತುವ ಧೈರ್ಯ ಅವನಿಗೆ ಇದುವರೆಗೂ ಬಂದಿರಲಿಲ್ಲ.

ಮೇ ಹಬ್ಬದ ನೆಪ ಸಿಕ್ಕಿತ್ತು. ಮನೆಯಲ್ಲಿ ಮಾಡಿದ ಸಿಮಾವನ್ನು ಬಕೆಟ್ಟಿನಲ್ಲಿ ತಂದಿದ್ದ: ನಿಂಬೆ, ಸಕ್ಕರೆ, ಚಿಟಿಕೆ ಯೀಸ್ಟ್. ಮಕ್ಕಳೂ ಕುಡಿಯುವ ಹಬ್ಬದ ಪಾನಕ. ಕೊಟ್ಟಿಗೆಯಲ್ಲಿ ದುಡಿಯುವ ಕೈದಿಗಳು ಅದರ ಸುತ್ತ ನಿಂತಿದ್ದರು.

ಸೈಮಿ ಬಂದಳು. ಬಕೆಟ್ಟಿನ ಮೇಲೆ ಬಗ್ಗಿದಳು. ಮುಖದ ನಗೆ ಆರಿಹೋಯಿತು.

"ಯೀಸ್ಟ್ ಹಾಕಿದೀರಾ?"

"ಹಾಕದೆ ಸಿಮಾ ಹೆಂಗಾಗುತ್ತೆ?"

"ತಾರ್ಮೋ! ಯೀಸ್ಟ್ ಹಾಕಿದ್ರೆ ಸ್ವಲ್ಪ ಮದ್ಯ ಆಗೇ ಆಗುತ್ತೆ. ಸಂಜೆ ಇವರೆಲ್ಲ ಉಸಿರು ಊದಿ ತೋರಿಸಬೇಕು. ವಾಸನೆ ಸಿಕ್ಕಿದ್ರೆ ಮತ್ತೆ ಗೋಡೆ ಇರೋ ಜೈಲಿಗೇ!" ಎಂದವಳೇ ಬಕೆಟ್ಟನ್ನು ಚರಂಡಿಗೆ ಸುರಿದಳು.

ಗಡ್ಡದ ಕೈದಿ ಯಲ್ಮಾರಿ ಗಂಟಲು ಸರಿಮಾಡಿಕೊಂಡ. "ಯಾರೂ ಮುಟ್ಟಿಲ್ಲ, ಸೈಮಿ. ಮುಚ್ಚಳ ತೆಗೆದಾಗ್ಲೇ ನಮ್ಮ ಮೂಗಿಗೆ ಗೊತ್ತಾಯ್ತು. ಯಜಮಾನ್ರಿಗೆ ಬೇಜಾರಾಗದ ಹಾಗೆ ಹೆಂಗೆ ಹೇಳೋದು ಅಂತ ನಿಂತಿದ್ವಿ."

ತಾರ್ಮೋನ ಮುಖ ಕೆಂಪಾಯಿತು. "ನನಗೆ ಹೊಳೀಲೇ ಇಲ್ಲ..."

"ನನಗಲ್ಲ, ನಾಳೆ ವೃತ್ತದಲ್ಲಿ ಕೂತು ಇವರಿಗೆ ಹೇಳಿ," ಎಂದು ಅವಳು ಹಿಂದಿರುಗಿ ನೋಡದೆ ಹೊರಟಳು. ಇನ್ನು ಈ ಬಾಗಿಲಿಗೆ ಅವಳು ಬರುವುದಿಲ್ಲವೆಂದೇ ಅವನಿಗೆ ಅನಿಸಿತು.

ಮರುದಿನ ಸೈಮಿಯ ಕಾರ್ಯಕ್ರಮದ ಸಭೆ: ಕುರ್ಚಿಗಳ ವೃತ್ತ, ಕಾಫಿಯ ಘಮ. ಒಬ್ಬ ನಿಜ ಹೇಳಿ ಮುಗಿಸಿದರೆ ಉಳಿದವರು ಥ್ಯಾಂಕ್ಸ್ ಹೇಳಬೇಕು, ಬೇರೇನೂ ಅನ್ನಬಾರದು. ಅದು ಅಲ್ಲಿಯ ಪದ್ಧತಿ.

"ನಾನು ತಾರ್ಮೋ. ಸಿಮಾ ತಂದಿದ್ದು ತಪ್ಪಾಯ್ತು. ಕ್ಷಮಿಸಿ."

ಯಾರೂ ಥ್ಯಾಂಕ್ಸ್ ಹೇಳಲಿಲ್ಲ. ಅರ್ಧ ನಿಜದ ಗುರುತು ಅವರಿಗೆಲ್ಲ ಚೆನ್ನಾಗಿತ್ತು. ಉಳಿದರ್ಧಕ್ಕೆ ಕಾದರು. ಕಿಟಕಿಯಾಚೆ ಬರ್ಚ್ ಮರಗಳ ಚಿಗುರು ಹಸಿರು ಹೊಗೆಯಂತೆ ತೇಲುತ್ತಿತ್ತು.

"ಅದು... ನಿಮಗೋಸ್ಕರ ತಂದಿದ್ದೂ ಅಲ್ಲ," ತಾರ್ಮೋ ಕಪ್ಪಿನೊಳಗೆ ನೋಡುತ್ತ ಹೇಳಿದ. "ಸೈಮಿ ಕುಡೀಲಿ ಅಂತ. ಲೋಟ ಖಾಲಿ ಆಗೋವರೆಗಾದ್ರೂ ನನ್ನ ಹತ್ರ ನಿಲ್ತಾರಲ್ಲ ಅಂತ."

"ಥ್ಯಾಂಕ್ಸ್, ತಾರ್ಮೋ!" ಒಕ್ಕೊರಲಿನಿಂದ ಬಂತು. ಸೈಮಿಯ ದನಿಯೊಂದು ಮಾತ್ರ ಅದರಲ್ಲಿರಲಿಲ್ಲ.

ಯಲ್ಮಾರಿ ಸೂರು ನೋಡುತ್ತ ಅಂದ, "ಮುಂದಿನ ಕುರ್ಚಿ ಯಾರದ್ದಪ್ಪಾ?"

ಪಕ್ಕದ ಕುರ್ಚಿಯಲ್ಲಿದ್ದ ಸೈಮಿ ಶಾಲನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಾನು ಸೈಮಿ. ನಿನ್ನೆ ನಾನು ಮೊದಲು ಹೆದರಿದ್ದು ನಿಮಗೋಸ್ಕರ ಅಲ್ಲ. ತಾರ್ಮೋನ ಇಲ್ಲಿಂದ ಕಳಿಸಿಬಿಟ್ರೆ ಅಂತ. ನಿಮ್ಮ ನೆನಪು ಬಂದಿದ್ದು ಆಮೇಲೆ. ನನ್ನ ಕೆಲಸಕ್ಕೆ ಅದು ತಪ್ಪು. ಆದರೆ ನಿಜ."

ಕೈದಿಗಳು ಒಬ್ಬೊಬ್ಬರಾಗಿ, ನಗು ನುಂಗಿಕೊಂಡು, ಥ್ಯಾಂಕ್ಸ್ ಹೇಳಿದರು. ಕೊನೆಗೆ ತಾರ್ಮೋ ಒಬ್ಬನೇ ಉಳಿದ. ಅವನು ಕಪ್ಪು ಕೆಳಗಿಟ್ಟ. ಅವಳು ತಲೆಯೆತ್ತಿ ತನ್ನನ್ನೇ ನೋಡುವವರೆಗೂ ಕಾದ. ಆಮೇಲೆ, ಆ ಹೆಸರು ಬೇಗ ಮುಗಿದುಹೋಗದ ಹಾಗೆ, ನಿಧಾನವಾಗಿ ಹೇಳಿದ:

"ಥ್ಯಾಂಕ್ಸ್, ಸೈಮಿ."